ಧರಣಿ ಇಲ್ಲದೆ ಒಂದು ಉಪನಿಯಮ ತಿದ್ದಿಸಿದ ಬಗೆ: ನನ್ನ ಅನುಭವ

ನಮ್ಮಂಥ ಘಟಕಗಳ ಲೈಸೆನ್ಸ್ ಕುರಿತು ರಾಜ್ಯ ಸರ್ಕಾರ ಹೊರಡಿಸಿದ ನಿಯಮಗಳ ಕರಡಿನಲ್ಲಿ ನವೀಕರಣ ಶುಲ್ಕ ದೊಡ್ಡ ಘಟಕಕ್ಕೂ ನಾಲ್ಕು ಜನ ದುಡಿಯುವ ಶೆಡ್ಡಿಗೂ ಒಂದೇ ಇತ್ತು. ಅಂತಿಮ ಅಧಿಸೂಚನೆಯಲ್ಲಿ ಅದು ಎರಡು ಹಂತವಾಗಿ ಬಂದಿದೆ. ಮೂರು ವರ್ಷದ ಶುಲ್ಕ ಒಟ್ಟಿಗೆ ಕಟ್ಟುವ ಅವಕಾಶವೂ ಸೇರಿದೆ. ಪರಂತುಕದ (ನಿಯಮಕ್ಕೆ ವಿನಾಯಿತಿ ಹೇಳುವ, ‘ಪರಂತು’ ಎಂದು ಶುರುವಾಗುವ ಭಾಗದ) ಒಂದೂವರೆ ಸಾಲಂತೂ ಸಣ್ಣ ಘಟಕಗಳ ನಮ್ಮ ಸಂಘ ಕೊಟ್ಟ ಹಾಳೆಯಲ್ಲಿ ಹೇಗಿತ್ತೋ ಹಾಗೇ ಅಚ್ಚಾಗಿದೆ. ಮಂತ್ರಿಯ ಪರಿಚಯವಿಲ್ಲದೆ, ಬೀದಿಗಿಳಿಯದೆ, ಯಾರದೋ ಕೈ ಬಿಸಿ ಮಾಡದೆ ಸರ್ಕಾರದ ಒಂದು ಅಲ್ಪವಿರಾಮವೂ ಅಲುಗುವುದಿಲ್ಲ ಎಂದವರು ಹೊರಗಿನವರಿಗಿಂತ ನಮ್ಮವರಲ್ಲೇ ಹೆಚ್ಚು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಘ ನೋಂದಣಿ, ಬೈಲಾ, ಆಡಿಟ್, ಸರ್ವಸದಸ್ಯರ ಸಭೆ ಇವೆಲ್ಲ ಸಂಘ ನಡೆಸುವವರಿಗೆ ಗೊತ್ತಿರುವುದೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ. ಸಂವಿಧಾನದ 19(1)(ಸಿ) ವಿಧಿ ಅದರ ಬೆನ್ನಿಗಿದೆ. ಒಂದೇ ಎಚ್ಚರಿಕೆ: ವಾರ್ಷಿಕ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ನೋಂದಣಾಧಿಕಾರಿಗೆ ಸಲ್ಲಿಕೆಯಾಗಿರಲಿ. ಎದುರು ಪಕ್ಷದವರು ಮೊದಲು ಕೆದಕುವುದು ಅದನ್ನೇ, ‘ಈ ಸಂಘ ಚಾಲ್ತಿಯಲ್ಲೇ ಇಲ್ಲ’ ಎಂದು ಒಂದು ಸಾಲು ಬರೆದು ಮುಗಿಸಿಬಿಡುತ್ತಾರೆ.

ಕರಡು ಕಣ್ಣಿಗೆ ಬೀಳುವುದು

ಹಿಂದಿನ ಸಲಗಳಲ್ಲಿ ಸೋತದ್ದೆಲ್ಲ ತಡವಾಗಿ ತಿಳಿದದ್ದರಿಂದ. ಕರಡು ಅಧಿಸೂಚನೆಯಲ್ಲಿ ‘ರಾಜ್ಯಪತ್ರದಲ್ಲಿ ಪ್ರಕಟವಾದ ದಿನಾಂಕದಿಂದ 30 ದಿನಗಳ ತರುವಾಯ ಪರ್ಯಾಲೋಚನೆಗೆ ತೆಗೆದುಕೊಳ್ಳಲಾಗುವುದು’ ಎಂಬ ಧಾಟಿಯ ಸಾಲು ಇರುತ್ತದೆ. ಕೆಲವೊಮ್ಮೆ 15 ದಿನವಷ್ಟೇ. ಆಕ್ಷೇಪಣೆ ಕೊಡಲು ಇರುವುದು ಅಷ್ಟೇ ಕಾಲ, ಅದರ ಲೆಕ್ಕ ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ, ಪ್ರಕಟವಾದ ದಿನದಿಂದ ಶುರು. ಪತ್ರಿಕೆಯಲ್ಲಿ ಸುದ್ದಿ ಬರುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ, ಸಂಘದ ಕಾರ್ಯಕಾರಿ ಸಮಿತಿ ಸೇರಿ ಟೀ ಕುಡಿಯುವಷ್ಟರಲ್ಲಿ ಉಳಿದರ್ಧ. ವಿಶೇಷ ರಾಜ್ಯಪತ್ರ ಯಾವ ದಿನ ಬೇಕಾದರೂ ಹೊರಬೀಳುತ್ತದೆ. ಇ-ರಾಜ್ಯಪತ್ರದ ಜಾಲತಾಣವನ್ನು ವಾರಕ್ಕೆ ಎರಡು ಸಲ ತೆರೆದು ನೋಡಲು ಡಿಗ್ರಿ ಓದುವ ಹುಡುಗನೊಬ್ಬನಿಗೆ ತಿಂಗಳಿಗೆ ಸುಮಾರು ಸಾವಿರ ರೂಪಾಯಿ ಕೊಡುತ್ತಿದ್ದೇವೆ. ಸಂಘದ ಎಲ್ಲ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಕರಡು ಸಿಕ್ಕ ಕೂಡಲೇ ಅದನ್ನು ಬದಿಗಿಟ್ಟು ಮೂಲ ಕಾಯ್ದೆ ತೆಗೆಯಬೇಕು. ನಿಯಮ ರಚಿಸುವ ಅಧಿಕಾರ ಕೊಟ್ಟ ಪ್ರಕರಣದಲ್ಲಿ (ಸೆಕ್ಷನ್) ‘ಪೂರ್ವ ಪ್ರಕಟಣೆಯ ತರುವಾಯ’, ಅಂದರೆ ಮೊದಲು ಕರಡು ಪ್ರಕಟಿಸಿ ಆಮೇಲೆ, ಎಂಬ ಮಾತಿದ್ದರೆ ಬಂದ ಆಕ್ಷೇಪಣೆ ಪರಿಗಣಿಸುವುದು ಇಲಾಖೆಯ ಕರ್ತವ್ಯ. ಕೇಂದ್ರದ ಕಾಯ್ದೆಗಳಿಗೆ ಈ ವಿಧಾನ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣದಲ್ಲಿದೆ. ಆ ಮಾತಿಲ್ಲದಿದ್ದರೆ ಕರಡು ತೋರಿಸಿದ್ದೇ ಅವರ ದೊಡ್ಡತನ, ಆಗ ಪತ್ರದ ಧಾಟಿ ಬೇರೆಯಾಗಬೇಕು. 2014ರ ಶಾಸನಪೂರ್ವ ಸಮಾಲೋಚನಾ ನೀತಿಯನ್ನು ರಾಜ್ಯದ ಇಲಾಖೆಗೆ ತೋರಿಸಿ ಗದರಿಸುವವರಿದ್ದಾರೆ. ಅದು ಕೇಂದ್ರದ ಸಚಿವಾಲಯಗಳಿಗೆ ಹೇಳಿದ್ದು, ಅದಕ್ಕೆ ಕಾಯ್ದೆಯ ಬಲವೂ ಇಲ್ಲ. ಗದರಿಸಿದವರ ಅಜ್ಞಾನ ಮಾತ್ರ ಕಡತದಲ್ಲಿ ದಾಖಲಾಗುತ್ತದೆ.

ಅಂಕಿ ಮೊದಲೇ ಮನೆಯಲ್ಲಿರಬೇಕು

30 ದಿನದ ಅವಧಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪ್ರಯೋಜನವಿಲ್ಲ. ಅವರಿಗೆ ಉತ್ತರಿಸಲು ಇರುವುದೂ 30 ದಿನ, ಮೊದಲ ಮೇಲ್ಮನವಿಗೆ ಮತ್ತೆ ಅಷ್ಟು. ಹಾಗಾಗಿ ಕರಡು ಬರಲಿ ಬಿಡಲಿ, ಪ್ರತಿ ವರ್ಷ ಏಪ್ರಿಲ್-ಮೇ ಹೊತ್ತಿಗೆ 10 ರೂಪಾಯಿಯ ಅರ್ಜಿ ಹೋಗುತ್ತದೆ: ಜಿಲ್ಲಾವಾರು ಚಾಲ್ತಿ ಲೈಸೆನ್ಸ್ ಎಷ್ಟು, ಹೋದ ವರ್ಷ ನವೀಕರಣವಾದದ್ದೆಷ್ಟು, ರದ್ದಾದದ್ದೆಷ್ಟು, ಬಂದ ಶುಲ್ಕವೆಷ್ಟು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಪದಗಳು 150ರ ಒಳಗೆ. ಎರಡು ವಿಷಯ ತುರುಕಿದರೆ ಅರ್ಜಿ ಹಿಂದಕ್ಕೆ. ‘ಏಕೆ’ ಎಂದು ಕೇಳಬಾರದು, ‘ದಾಖಲೆಯ ಪ್ರತಿ ಕೊಡಿ’ ಎಂದು ಕೇಳಬೇಕು. ಹಿಂದೊಮ್ಮೆ ಶುಲ್ಕ ಏರಿದ ಮರುವರ್ಷ ನವೀಕರಣದ ಸಂಖ್ಯೆ ಹೇಗೆ ಕುಸಿಯಿತು ಎಂಬುದು ಇಲಾಖೆಯ ಅಂಕಿಯಿಂದಲೇ ಸಿಕ್ಕಿತು. ಸಂಘ ಹೇಳಿದರೆ ಗೋಳು, ಇಲಾಖೆಯದೇ ಅಂಕಿ ಹೇಳಿದರೆ ಸಾಕ್ಷಿ.

ಇನ್ನೊಂದು ದಾರಿ ಸದನದ ಪ್ರಶ್ನೆ. 224 ಶಾಸಕರ ಸುತ್ತ ಸದಾ ಜನಜಂಗುಳಿ. ವಿಧಾನ ಪರಿಷತ್ತಿನ 75 ಮಂದಿಯಲ್ಲಿ, ಮುಖ್ಯವಾಗಿ ಪದವೀಧರ ಕ್ಷೇತ್ರದಿಂದ ಬಂದವರಲ್ಲಿ, ಕೂತು ಓದುವ ತಾಳ್ಮೆ ಇರುವವರು ಸಿಗುತ್ತಾರೆ. ಅವರಿಗೆ ಮನವಿ ಪತ್ರ ಕೊಟ್ಟರೆ ಆಪ್ತ ಸಹಾಯಕರ ಕಪಾಟು ಸೇರುತ್ತದೆ. ಸಚಿವಾಲಯದ ನಮೂನೆಯಲ್ಲೇ ಟೈಪಾದ ಪ್ರಶ್ನೆ, ಜೊತೆಗೆ ಐದು ಸಾಲಿನ ಹಿನ್ನೆಲೆ ಕೊಟ್ಟರೆ ಸಹಿಯಾಗಿ ಹೋಗುತ್ತದೆ. ಪ್ರಶ್ನೆಯೂ ಸಂಖ್ಯೆ ಹೊರಡಿಸುವಂತಿರಬೇಕು. ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದರೆ ‘ಬಂದಿದೆ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ.

ಸದಸ್ಯರ ಸಮೀಕ್ಷೆಯೇ ನಿಜವಾಗಿ ಬೆವರಿಳಿಸಿದ್ದು. ಒಂದು ಪುಟದ ನಮೂನೆ, ಹತ್ತು ಚಿಲ್ಲರೆ ಪ್ರಶ್ನೆ. ವಹಿವಾಟು ಎಷ್ಟು ಎಂದು ನೇರವಾಗಿ ಕೇಳಿದರೆ ತೆರಿಗೆಯ ಭಯಕ್ಕೆ ಕಡಿಮೆ ಬರೆಯುತ್ತಾರೆ, ನಷ್ಟ ಎಷ್ಟು ಎಂದರೆ ಹೆಚ್ಚು ಬರೆಯುತ್ತಾರೆ. ಅದಕ್ಕೆ ಎರಡನ್ನೂ ಬಿಟ್ಟು ಕಾಗದದಲ್ಲಿ ಇರುವುದನ್ನೇ ಕೇಳಿದೆವು: ಮಂಜೂರಾದ ಹಾರ್ಸ್‌ಪವರ್, ಹನ್ನೆರಡು ತಿಂಗಳ ಕರೆಂಟ್ ಬಿಲ್ಲು, ದುಡಿಯುವವರ ಸಂಖ್ಯೆ, ಹಿಂದೆ ಕಟ್ಟಿದ ಶುಲ್ಕದ ರಸೀದಿ, ನವೀಕರಣಕ್ಕೆ ಕಚೇರಿಗೆ ಅಲೆದ ದಿನ. ಸುಮಾರು 150 ನಮೂನೆ ವಾಪಸ್ ಬಂದವು, ಅದರಲ್ಲಿ 30-40 ಕಿತ್ತೆಸೆದೆವು. ಒಂದೇ ಕೈಬರಹದಲ್ಲಿ ತುಂಬಿದವು, ಬಿಲ್ಲಿಗೂ ಬರೆದದ್ದಕ್ಕೂ ತಾಳೆಯಾಗದವು, ಎಲ್ಲ ಅಂಕಿಯೂ ಸೊನ್ನೆಯಲ್ಲೇ ಮುಗಿಯುವವು. ಸದಸ್ಯರು ಸಿಡುಕಿದರು. ಆದರೆ ಅಧಿಕಾರಿ ಮಾದರಿಗೆಂದು ಒಂದನ್ನು ಎತ್ತಿ ಅದು ಸುಳ್ಳಾದರೆ ಮಿಕ್ಕ ನೂರೂ ಕಸದ ಬುಟ್ಟಿಗೇ. ಸರಾಸರಿಯನ್ನೂ ಕೊಡಬಾರದು: ಎರಡು ದೊಡ್ಡ ಘಟಕ ಸೇರಿಕೊಂಡರೆ ಸಣ್ಣವರೆಲ್ಲ ಕಾಗದದ ಮೇಲೆ ಸಿರಿವಂತರಾಗುತ್ತಾರೆ. ಸಾಲಾಗಿ ಜೋಡಿಸಿ ನಡುವಿನ ಘಟಕದ ಅಂಕಿ ಕೊಟ್ಟೆವು. ಹೆಸರು ಮುಚ್ಚಿದ ಜೆರಾಕ್ಸ್ ಪ್ರತಿಗಳನ್ನು ಲಗತ್ತಿಸಿ, ಮೂಲ ದಾಖಲೆ ಕೇಳಿದಾಗ ಹಾಜರುಪಡಿಸುತ್ತೇವೆ ಎಂದು ಬರೆದೆವು.

ಹಾಳೆ

ಶುಲ್ಕ ಕಡಿಮೆ ಮಾಡಬೇಕಾಗಿ ವಿನಂತಿ ಎಂದು ಬರೆದರೆ ಪರಿಶೀಲಿಸಲಾಗುವುದು ಎಂದು ಉತ್ತರ ಬರುತ್ತದೆ, ಬಂದರೆ. ನಾವು ಕೊಟ್ಟದ್ದು ನಾಲ್ಕು ಕಾಲಂನ ಹಾಳೆ. ಉಪನಿಯಮದ ಸಂಖ್ಯೆ, ಕರಡಿನ ಪಾಠ (ಅಂದರೆ ಅಲ್ಲಿರುವ ಒಕ್ಕಣೆ), ನಾವು ಸೂಚಿಸುವ ಪಾಠ, ಕಾರಣ. ಮೂರನೇ ಕಾಲಂ ಕಾನೂನಿನ ಭಾಷೆಯಲ್ಲೇ ಇರಬೇಕು: ‘…ಎಂಬ ಪದಗಳ ಬದಲಾಗಿ …ಎಂಬ ಪದಗಳನ್ನು ಪ್ರತಿಸ್ಥಾಪಿಸತಕ್ಕದ್ದು’, ‘ಪರಂತು, ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಘಟಕದ ಸಂದರ್ಭದಲ್ಲಿ…’ ಹೀಗೆ. ರಾಜ್ಯಪತ್ರದಲ್ಲಿ ಎರಡೂ ಭಾಷೆಯ ಪಾಠ ಬರುವುದರಿಂದ ಹಾಳೆಯೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇತ್ತು. ನಿವೃತ್ತ ಕಾನೂನು ಅಧಿಕಾರಿಯೊಬ್ಬರಿಗೆ ಐದಾರು ಸಾವಿರ ಕೊಟ್ಟು ತಿದ್ದಿಸಿದೆವು. ಒಟ್ಟು ಮೂರೇ ಪುಟ. ಕರಡಿನಲ್ಲಿ ನಮಗೆ ಹಿಡಿಸದ್ದು ಹದಿನೈದು ಅಂಶವಾದರೂ ಇದ್ದವು, ಹಾಳೆಗೆ ಹತ್ತಿದ್ದು ಮೂರು. ಹದಿನೈದೂ ಕೊಟ್ಟರೆ ಅವುಗಳಲ್ಲಿ ಖರ್ಚಿಲ್ಲದ, ನಮಗೂ ಬೇಕಿಲ್ಲದ ಎರಡನ್ನು ಒಪ್ಪಿ ‘ಸಂಘದ ಬೇಡಿಕೆ ಭಾಗಶಃ ಪರಿಗಣಿಸಲಾಗಿದೆ’ ಎನ್ನುತ್ತಾರೆ.

ನಾಲ್ಕನೇ ಕಾಲಂನ ಕಾರಣದಲ್ಲಿ ‘ಬಡವರು’, ‘ಬೀದಿಪಾಲು’ ಬರಲೇ ಇಲ್ಲ. ಬಂದದ್ದು ಬೊಕ್ಕಸ. ಶುಲ್ಕ ಮುಟ್ಟುವ ಯಾವ ಕಡತಕ್ಕೂ ಆರ್ಥಿಕ ಇಲಾಖೆ ಕೇಳುವ ಪ್ರಶ್ನೆ ಒಂದೇ: ಎಷ್ಟು ಖೋತಾ? ಲೆಕ್ಕದ ಬಗೆ ತಿಳಿಯಲೆಂದು ದುಂಡು ಅಂಕಿಯಲ್ಲಿ ಹೇಳುತ್ತೇನೆ. 1,000 ಘಟಕ, ಅದರಲ್ಲಿ 700 ಸಣ್ಣವು, 300 ದೊಡ್ಡವು ಎಂದಿಟ್ಟುಕೊಳ್ಳಿ. ಎಲ್ಲರಿಗೂ 5,000 ಎಂದರೆ ದೊಡ್ಡವರು ಕಟ್ಟುತ್ತಾರೆ, ಸಣ್ಣವರಲ್ಲಿ 250 ಮಂದಿ ಕಟ್ಟಿದರೆ ಹೆಚ್ಚು, ಉಳಿದವರು ಲೈಸೆನ್ಸ್ ಇಲ್ಲದೆ ಬಾಗಿಲು ತೆಗೆಯುತ್ತಾರೆ. ಕೈಗೆ ಬರುವುದು 27.5 ಲಕ್ಷ. ಸಣ್ಣವರಿಗೆ 1,500 ಮಾಡಿದರೆ 600 ಮಂದಿ ಕಟ್ಟಿ 9 ಲಕ್ಷ. ದೊಡ್ಡವರಿಗೆ 6,500ರಂತೆ 19.5 ಲಕ್ಷ. ಒಟ್ಟು 28.5 ಲಕ್ಷ, ಮೇಲಾಗಿ 350 ಘಟಕ ಹೊಸದಾಗಿ ಲೆಕ್ಕಕ್ಕೆ ಸಿಕ್ಕವು. ಖೋತಾ ಇಲ್ಲ ಎಂದು ಬರೆದ ಮೇಲೆ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶಾಖಾಧಿಕಾರಿಗೆ ಉಳಿಯಲಿಲ್ಲ.

ಈ 6,500 ಎಂಬಲ್ಲಿ ದೊಡ್ಡವರ ಸಂಘ ಕೆರಳುವುದು ಖಂಡಿತ. ಇಂಥ ಕಡೆ ಹೆಚ್ಚಿನ ಸಣ್ಣ ಸಂಘಗಳು ಮುರಿದುಬೀಳುತ್ತವೆ, ಯಾಕೆಂದರೆ ಎದುರಾಳಿಯ ಆಕ್ಷೇಪಣೆಯೂ ಅದೇ ಕಡತಕ್ಕೆ ಬರುತ್ತದೆ, ಅವರಿಗೆ ಸಂಬಳದ ಸಲಹೆಗಾರರಿದ್ದಾರೆ. ನಾವು ಹಾಳೆ ಸಲ್ಲಿಸುವ ಮೊದಲೇ ಅವರ ಬಾಗಿಲು ತಟ್ಟಿದೆವು. ಅವರ ತಲೆನೋವು ಹಣದ್ದಲ್ಲ, ಪ್ರತಿ ವರ್ಷ ನವೀಕರಣಕ್ಕೆಂದು ಕಚೇರಿ ಸುತ್ತುವುದು. ಮೂರು ವರ್ಷದ್ದು ಒಟ್ಟಿಗೆ ಕಟ್ಟುವ ಅಂಶ ಹಾಗೆ ಹುಟ್ಟಿತು. ಅವರು ಆಕ್ಷೇಪಿಸಲಿಲ್ಲ, ಬೆಂಬಲಿಸಲೂ ಇಲ್ಲ. ಅಷ್ಟೇ ಸಾಕಿತ್ತು. ಇಲಾಖೆಗೆ ಬೇಕಿರುವುದೂ ಜಗಳವಿಲ್ಲದ ಕಡತವೇ. ಹಿತಾಸಕ್ತಿ ಗುಂಪುಗಳೆಂದರೆ ಸರ್ಕಾರದ ಮೇಲೆ ಒತ್ತಡ ಹಾಕುವವು ಎಂದಷ್ಟೇ ಪಾಠದಲ್ಲಿ ಓದುತ್ತೇವೆ. ನಡೆಯುವ ಕೆಲಸದಲ್ಲಿ ಅರ್ಧದಷ್ಟು ಗುಂಪು-ಗುಂಪಿನ ನಡುವಿನ ಚೌಕಾಸಿ.

ಒಂದೇ ಒಕ್ಕಣೆಯ ನೂರಾರು ಪತ್ರ ಕಳಿಸುವುದನ್ನು ಬೇರೊಂದು ಕರಡಿಗೆ ಹಿಂದೆ ಪ್ರಯತ್ನಿಸಲಾಗಿತ್ತು. ಅವೆಲ್ಲ ಒಂದೇ ದಾರದಲ್ಲಿ ಕಟ್ಟಿಸಿಕೊಂಡು, ‘ಇದೇ ಅಂಶವುಳ್ಳ ಇತರ ಮನವಿಗಳು’ ಎಂದು ಟಿಪ್ಪಣಿಯಲ್ಲಿ ಒಂದು ಸಾಲಾದವು. ಹಾಗೆಂದು ಸಂಖ್ಯೆಗೆ ಬೆಲೆಯಿಲ್ಲ ಎನ್ನುವಂತಿಲ್ಲ. 2020ರ ಪರಿಸರ ಪರಿಣಾಮ ಅಧ್ಯಯನದ ಕರಡಿಗೆ ದೇಶದೆಲ್ಲೆಡೆಯಿಂದ ಲಕ್ಷಗಟ್ಟಲೆ ಆಕ್ಷೇಪಣೆ ಹೋದವು. ಅದನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಹೇಳಿತು, ಕರಡು ಅಂತಿಮವಾಗಲೇ ಇಲ್ಲ. ಕೃಷಿ ಕಾಯ್ದೆಗಳ ವಿರುದ್ಧ ರೈತ ಸಂಘಟನೆಗಳು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕೂತ ಮೇಲೆ 2021ರ ನವೆಂಬರ್‌ನಲ್ಲಿ ಅವು ರದ್ದಾದವು. ಒಂದನ್ನು ಪೂರಾ ತಡೆಯಬೇಕಾದಾಗ ಜನ ಬೇಕು. ಒಂದು ಉಪನಿಯಮದ ಎರಡು ಪದ ಬದಲಾಗಬೇಕಾದಾಗ ಅಷ್ಟು ಜನ ತಂದರೆ ಅಧಿಕಾರಿ ಹೆದರಿ ಕಡತವನ್ನೇ ಮೇಲಕ್ಕೆ ತಳ್ಳುತ್ತಾನೆ, ಮೇಲಿದ್ದವರು ಅದರ ಮೇಲೆ ಕೂರುತ್ತಾರೆ. ದೊಡ್ಡ ಉದ್ಯಮದವರಿಗೆ ಇದ್ಯಾವುದೂ ಬೇಕಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ನಮ್ಮ ರಾಜ್ಯದ ಮಸೂದೆ ಸಂಪುಟದ ಒಪ್ಪಿಗೆ ಪಡೆದಿತ್ತು, ಉದ್ಯಮಿಗಳ ಮತ್ತು ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂನ ವಿರೋಧ ಕೇಳಿಬಂದ ಕೆಲವೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಆ ವೇಗ ನಮ್ಮಂಥವರಿಗೆ ಎಂದೂ ಸಿಗದು. ಅದಕ್ಕೇ ಕರಡಿನ ಹಂತ ಬಿಡಬಾರದು.

ಸಲ್ಲಿಸುವಾಗ ಸಾಮಾನ್ಯವಾಗಿ ತಪ್ಪುವುದು ವಿಳಾಸ. ಕರಡಿನಲ್ಲಿ ಸರ್ಕಾರದ ಕಾರ್ಯದರ್ಶಿಗೆ ಕಳಿಸಿ ಎಂದಿರುತ್ತದೆ, ಎಲ್ಲರೂ ಅಲ್ಲಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಕಾರ್ಯದರ್ಶಿಯ ಕಚೇರಿ ಆ ಕಂತೆಯನ್ನು ಆಯುಕ್ತಾಲಯಕ್ಕೋ ನಿರ್ದೇಶನಾಲಯಕ್ಕೋ ‘ಅಭಿಪ್ರಾಯ ನೀಡುವುದು’ ಎಂದು ಬರೆದು ದಾಟಿಸುತ್ತದೆ. ಒಂದೊಂದು ಆಕ್ಷೇಪಣೆಗೂ ಒಪ್ಪಬಹುದು, ಒಪ್ಪಲಾಗದು ಎಂದು ಬರೆಯುವ ವಿಷಯ ನಿರ್ವಾಹಕರು ಇರುವುದು ಅಲ್ಲಿ. ಟಪಾಲು ವಿಭಾಗದಲ್ಲಿ ಮೊಹರು, ದಿನಾಂಕ ಹಾಕಿಸಿಕೊಂಡ ಪ್ರತಿ ನಮ್ಮಲ್ಲಿ ಉಳಿಯಬೇಕು, ಇನ್ನೊಂದು ಪ್ರತಿ ಅದೇ ದಿನ ಆಯುಕ್ತಾಲಯಕ್ಕೆ ಹೋಗಬೇಕು. ಜೊತೆಗೆ ಹಾಳೆಯ ಮೃದುಪ್ರತಿ (ಸಾಫ್ಟ್ ಕಾಪಿ), ಅದೂ ಯೂನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಕೊಟ್ಟರೆ ಅವರ ಪರದೆಯಲ್ಲಿ ಅಕ್ಷರಗಳೆಲ್ಲ ಚೂರುಚೂರು. ಪಿಡಿಎಫ್ ಕೊಟ್ಟರೆ ಮತ್ತೆ ಟೈಪು ಮಾಡುವ ಶ್ರಮಕ್ಕೆ ಹೆದರಿ ನಮ್ಮ ಪಾಠವನ್ನು ಸಂಗ್ರಹಿಸಿ ಬರೆಯುತ್ತಾರೆ, ಆಗ ಪರಂತುಕದ ಜೀವವೇ ಹೋಗುತ್ತದೆ. ತೆರೆದು ಎತ್ತಿಕೊಳ್ಳಬಹುದಾದ ವರ್ಡ್ ಕಡತ ಕೊಟ್ಟದ್ದರಿಂದಲೇ ಒಂದೂವರೆ ಸಾಲು ಹಾಗೇ ಉಳಿಯಿತು ಎಂಬುದು ನನ್ನ ಗಟ್ಟಿ ನಂಬಿಕೆ.

ಖುದ್ದು ಭೇಟಿಗೆ ಮೂವರು ಸಾಕು. ಶೆಡ್ಡು ನಡೆಸುವ ಒಬ್ಬರು, ಅಂಕಿ ಬಲ್ಲ ಒಬ್ಬರು, ಸುಮ್ಮನೆ ಬರೆದುಕೊಳ್ಳುವ ಒಬ್ಬರು. ಶಾಲು-ಹಾರ-ಫೋಟೊ ಬೇಡ, ಫೋಟೊ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದರೆ ಅಧಿಕಾರಿಗೆ ಮುಜುಗರ, ಎದುರಾಳಿಗೆ ಅಸ್ತ್ರ. ಭೇಟಿಯ ಮರುದಿನ, ‘ನಿನ್ನೆ ಚರ್ಚೆಯಾದ ಅಂಶಗಳು’ ಎಂದು ಒಂದು ಪುಟ ಟಪಾಲಿಗೆ ಹಾಕಿದರೆ ಮಾತು ಕಡತದೊಳಗೆ ಸೇರುತ್ತದೆ. ಆಮೇಲೆ ಕಡತ ಕಾನೂನು ಇಲಾಖೆ, ಆರ್ಥಿಕ ಇಲಾಖೆ ಸುತ್ತಿ ಬರಬೇಕು. ಅದು ಯಾವ ವಾರ ಯಾರ ಮೇಜಿನಲ್ಲಿದೆ ಎಂದು ಕೇಳದೆಯೇ ತಿಳಿಯುವ ಒಂದು ಬಗೆ ಇದೆ, ತೀರಾ ಸರಳ, ಕಾನೂನುಬದ್ಧ. ಇಲ್ಲಿ ಬರೆದರೆ ನಾಳೆಯಿಂದ ಅದು ನಿಂತುಹೋಗುತ್ತದೆ. ಆ ಹೊತ್ತಿನಲ್ಲಿ ಅದೇ ಶಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಜಡಿಯುವುದು ಮಾತ್ರ ಬೇಡ. ಕಡತದಲ್ಲಿ ಅಧಿಕಾರಿಗಳು ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಯ ಪ್ರತಿ ಕೇಳುವುದು ಅಂತಿಮ ಅಧಿಸೂಚನೆ ಬಂದ ಮೇಲೆ. ಯಾವ ಅಂಶ ಯಾಕೆ ಬಿದ್ದುಹೋಯಿತು ಎಂಬುದು ಅಲ್ಲಿರುತ್ತದೆ.

ಪಕ್ಕದ ಪ್ರಯೋಗ

ಅಭ್ಯಾಸಕ್ಕೆ ಒಳ್ಳೆಯ ಅಖಾಡ ಬೇಕೆನ್ನುವವರಿಗೆ ವಿದ್ಯುತ್ ದರದ ವಿಚಾರಣೆಯಿದೆ. 2003ರ ವಿದ್ಯುತ್ ಕಾಯ್ದೆಯ 64ನೇ ಪ್ರಕರಣದಂತೆ ವಿದ್ಯುತ್ ಸರಬರಾಜು ಕಂಪನಿ ತನ್ನ ದರದ ಅರ್ಜಿಯನ್ನು ಪ್ರಕಟಿಸಬೇಕು, ಸಾರ್ವಜನಿಕರ ಆಕ್ಷೇಪಣೆ ಪರಿಗಣಿಸಿ ವಿದ್ಯುತ್ ನಿಯಂತ್ರಣ ಆಯೋಗ 120 ದಿನದೊಳಗೆ ಆದೇಶ ಹೊರಡಿಸಬೇಕು. ಆಕ್ಷೇಪಣೆಗೆ ಪ್ರಮಾಣಪತ್ರ ಬೇಕು, ನೋಟರಿಗೆ ನೂರಿನ್ನೂರು. ನಮಗೆ ಸಂಬಂಧಿಸಿದ್ದು ಎಲ್‌ಟಿ-5, ಅಂದರೆ ಸಣ್ಣ ಕೈಗಾರಿಕೆಯ ದರ. ಅದರಲ್ಲಿ ಪ್ರತಿ ಹಾರ್ಸ್‌ಪವರ್‌ಗೆ ಬೀಳುವ ನಿಗದಿತ ಶುಲ್ಕದ ಮೇಲೆ ಮಾತ್ರ ಬರೆದೆವು. ಇಲ್ಲಿನ ಸೊಗಸೆಂದರೆ ಆಕ್ಷೇಪಣೆಗೆ ಕಂಪನಿಯ ಉತ್ತರವೂ ಬರುತ್ತದೆ, ಎರಡೂ ಆದೇಶದಲ್ಲಿ ಅಚ್ಚಾಗುತ್ತವೆ. ಹಾಗಾಗಿ ಯಾವ ವಾದ ಯಾಕೆ ಸೋತಿತು ಎಂದು ಕಪ್ಪು-ಬಿಳುಪಿನಲ್ಲಿ ಓದಬಹುದು. ವಿಚಾರಣೆಗೆ ಬಂದ ಮುಕ್ಕಾಲು ಜನ ಕರೆಂಟ್ ಹೋಗುವ ಬಗ್ಗೆ, ಟ್ರಾನ್ಸ್‌ಫಾರ್ಮರ್ ಸುಟ್ಟ ಬಗ್ಗೆ ಮಾತಾಡಿ ಸಮಯ ಕಳೆದರು. ಅದಕ್ಕೆ ಅದೇ ಕಾಯ್ದೆಯ 42(5)ರಡಿ ಗ್ರಾಹಕರ ಕುಂದುಕೊರತೆ ವೇದಿಕೆ ಬೇರೆಯೇ ಇದೆ. ದರ ಇಳಿಯಲಿಲ್ಲ. ನಾಲ್ಕು ಕಾಲಂನ ಹಾಳೆ ಮಾತ್ರ ಅಲ್ಲೇ ಪಳಗಿದ್ದು.

ಖರ್ಚು

ನೆನಪಿನ ಮೇಲೆ ಹೇಳುವುದಾದರೆ, ಸಮೀಕ್ಷೆಗೆ 18-20 ಸಾವಿರ, ಅದರಲ್ಲಿ ಹೆಚ್ಚಿನದು ತಾಲ್ಲೂಕು ಸುತ್ತಿದ ಹುಡುಗರ ಪೆಟ್ರೋಲು. ಜೆರಾಕ್ಸ್, ಬೈಂಡಿಂಗ್, ನೋಟರಿಗೆ ಐದಾರು ಸಾವಿರ. ಬೆಂಗಳೂರಿಗೆ ಹೋಗಿ ಬರುವುದಕ್ಕೆ ಎಲ್ಲ ಸೇರಿ 15 ಸಾವಿರದ ಹತ್ತಿರ. ಕಾನೂನು ತಿದ್ದುಪಡಿ, ರಾಜ್ಯಪತ್ರ ನೋಡುವ ಹುಡುಗ ಎಲ್ಲ ಹಿಡಿದರೂ 60-65 ಸಾವಿರ ದಾಟಿಲ್ಲ. ಅದಕ್ಕೂ ಹಿಂದಿನ ಒಂದು ವಿಷಯಕ್ಕೆ ಫ್ರೀಡಂ ಪಾರ್ಕಿಗೆ ಬಸ್ಸು ಮಾಡಿಕೊಂಡು ಹೋದ ಧರಣಿಗೆ ಊಟ, ಫ್ಲೆಕ್ಸ್, ಪತ್ರಿಕಾಗೋಷ್ಠಿ ಸೇರಿ ಲಕ್ಷ ಮೀರಿತ್ತು. ಬಂದವರ ಎರಡು ದಿನದ ದುಡಿಮೆ ಆ ಲೆಕ್ಕದಲ್ಲಿಲ್ಲ. ಸಿಕ್ಕಿದ್ದು ಒಳಪುಟದಲ್ಲಿ ಒಂದು ಚಿತ್ರ.

ಕೆಲಸ ಮಾಡಿಸಿಕೊಡುತ್ತೇನೆ ಎಂದು ಬರುವ ಮಧ್ಯವರ್ತಿಗಳ ದರ ಇದಕ್ಕಿಂತ ಹಲವು ಪಟ್ಟು. ಕಾರ್ಯಕಾರಿ ಸಮಿತಿಯಲ್ಲಿ ಅದಕ್ಕೂ ಒಲವಿತ್ತು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ, ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟಿರಬೇಕು ಎಂದು ಕಾಯ್ದೆಯ ಪ್ರತಿ ಓದಿಸಿದ ಮೇಲೆ ಆ ಮಾತು ತಣ್ಣಗಾಯಿತು. ಅಮೆರಿಕದಲ್ಲಿ 1995ರ ಕಾಯ್ದೆಯಡಿ ಲಾಬಿ ಮಾಡುವವರು ನೋಂದಾಯಿಸಿಕೊಂಡು ಖರ್ಚು ತೋರಿಸಬೇಕು. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಆದ್ದರಿಂದ ನಮ್ಮದೇ ಒಂದು ಪುಸ್ತಕ ಇಟ್ಟೆವು. ಯಾರನ್ನು ಎಂದು ಕಂಡೆವು, ಯಾವ ಕಾಗದ ಕೊಟ್ಟೆವು, ಎಷ್ಟು ಖರ್ಚಾಯಿತು. ಯಾವ ಸದಸ್ಯ ಬೇಕಾದರೂ ಬಂದು ನೋಡಬಹುದು. ಲೆಕ್ಕದ ಬಗ್ಗೆ ಬರುತ್ತಿದ್ದ ಪಿಸುಮಾತು ಅದರಿಂದ ನಿಂತಿತು, ಬಾಕಿ ಚಂದಾ ಕೂಡ ಬರತೊಡಗಿತು.

ಚಂದಾ ವರ್ಷಕ್ಕೆ 500. ಶುಲ್ಕ ಇಳಿದದ್ದರ ಲಾಭ ಸದಸ್ಯರಲ್ಲದವರಿಗೂ ಅಷ್ಟೇ ಸಿಕ್ಕಿದೆ, ‘ನಿಮ್ಮ ಸಂಘಕ್ಕೆ ಯಾಕೆ ಸೇರಲಿ’ ಎಂದು ಕೇಳಿದರೆ ಗೆದ್ದ ಕಥೆ ಉತ್ತರವಾಗುವುದಿಲ್ಲ. ಗೆಲುವು ತೋರಿಸಿ ಸದಸ್ಯರನ್ನು ಸೇರಿಸಲು ಹೊರಟ ಸಂಘಗಳು ಸೊರಗಿದ್ದನ್ನು ಕಂಡಿದ್ದೇನೆ. ನಾವು ಮಾರುವುದು ಬೇರೆ: ನವೀಕರಣದ ದಿನಾಂಕ ನೆನಪಿಸುವ ಸಂದೇಶ, ಆನ್‌ಲೈನ್ ಅರ್ಜಿ ತುಂಬಿಕೊಡುವುದು, ತಪಾಸಣೆಗೆ ಬಂದಾಗ ಜೊತೆಗೆ ನಿಲ್ಲುವ ಒಬ್ಬ ಮನುಷ್ಯ. ಇವು ಸದಸ್ಯರಿಗೆ ಮಾತ್ರ. ಚಂದಾದಾರರು ಈಗ ಹೆಚ್ಚುಕಡಿಮೆ ಇಮ್ಮಡಿ.

ಮೂರರಲ್ಲಿ ಎರಡು ಅಂಶ ಗೆದ್ದವು, ವಿಳಂಬ ದಂಡದ ಉಪನಿಯಮ ಹಾಗೇ ಉಳಿದಿದೆ. ಟಿಪ್ಪಣಿ ಹಾಳೆ ತರಿಸಿ ನೋಡಿದರೆ ಕಾರಣ ಒಂದೇ ಸಾಲು: ದಂಡದಿಂದ ಬರುವ ಮೊತ್ತದ ಮಾಹಿತಿಯನ್ನು ಸಂಘ ಒದಗಿಸಿಲ್ಲ. ನಿಯಮಗಳು ಸದನದ ಮುಂದೆ ಮಂಡನೆಯಾದ ಮೇಲೆ, ಅಂಥ ನಿಯಮಗಳನ್ನು ಪರಿಶೀಲಿಸುವ ಸದನದ ಅಧೀನ ಶಾಸನ ರಚನಾ ಸಮಿತಿಗೆ ಬರೆಯುವ ದಾರಿಯಿದೆ, ಬರೆಯುತ್ತೇವೆ. ಅದಕ್ಕೂ ಮೊದಲು ಈ ಏಪ್ರಿಲ್‌ನ ಅರ್ಜಿಯಲ್ಲಿ ಕೇಳಿರುವುದು ಇಷ್ಟೇ: ಕಳೆದ ಮೂರು ವರ್ಷದಲ್ಲಿ ಎಷ್ಟು ಘಟಕಗಳಿಗೆ ದಂಡ ಬಿತ್ತು, ಎಷ್ಟು ವಸೂಲಾಯಿತು, ಎಷ್ಟು ಬಾಕಿ.